ಗ್ಯಾರೇಜಿನ ಸಂತ ಪೇತ್ರ

ಆಂಟಿ ಏನನ್ನೇ ನೋಡಲಿ, ಎಡಗಣ್ಣು ಮುಚ್ಚಿ ಬಲಗಣ್ಣನ್ನು ಅರ್ಧ ಕಿರಿದು ಮಾಡಿ ನೋಡುತ್ತಿದ್ದರು. ಮೀನು ಕೊಳ್ಳುವಾಗ ಮೀನನ್ನು, ಚರ್ಚಿನಿಂದ ಬಂದ ಪಾದ್ರಿಯನ್ನು, ನಾನು ಉಟ್ಟ ಇಳಕಲ್ ಸೀರೆಯನ್ನು, ಎಲ್ಲವನ್ನೂ ಹಾಗೆಯೇ. ಮೆಲ್ಬರ್ನಿನಲ್ಲಿ ನಾವಿರುವ ಪಾಯಿಂಟ್ ಕುಕ್‌ನ ಇಂಡಿಯನ್ ಅಂಗಡಿಯಲ್ಲಿ ಬಿಲ್ ಮಾಡುತ್ತಿದ್ದ ಪಂಜಾಬಿ ತರುಣ, ಈ ಹೆಂಗಸು ತನಗೆ ಕಣ್ಣು ಹೊಡೆಯುತ್ತಿದ್ದಾಳೆಂದು ತಿಳಿದು ಕಿವಿ ಕೆಂಪು ಮಾಡಿಕೊಂಡದ್ದನ್ನು ನಾನೇ ಕಂಡಿದ್ದೇನೆ. ಆಂಟಿ ನೋಡುತ್ತಿದ್ದದ್ದು ಅವನ ಮೂಗಿನ ಪಕ್ಕದ ನೆರಳನ್ನು. ಹೊರಗೆ ಬಂದ ಮೇಲೆ ನಾನು ಕೇಳಿದ್ದಕ್ಕೆ, "ಎರಡೂ ಕಣ್ಣು ಬಿಟ್ರೆ ಬಣ್ಣ ಕಾಣ್ತದೆ ಮಾರಾಯ್ತಿ. ಒಂದು ಮುಚ್ಚಿದ್ರೆ ಬೆಳಕು ಕಾಣ್ತದೆ" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಎರಡೂ ಬಿಟ್ಟೇ ನೋಡುವವಳು" ಎಂದು ಸೇರಿಸಿದರು.

ಅವರ ಮೇಲೆ ನನಗೆ ಹೊಟ್ಟೆಕಿಚ್ಚು ಇತ್ತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮುಂದೆ ನಾನು ಹೊಗಳಿದ್ದೆಲ್ಲ ಸುಳ್ಳು ಅನ್ನಿಸೀತು.

ನಾವು ಅಕ್ಕಪಕ್ಕದ ಮನೆಯವರು. ನಮ್ಮದು ಧಾರವಾಡ, ಅವರದು ಮಂಗಳೂರು. ಅವರು ಮನೆಯಲ್ಲಿ ಆಡುವುದು ಕೊಂಕಣಿ, ನನ್ನೊಡನೆ ಮಂಗಳೂರಿನ ಕನ್ನಡ. ಮದುವೆಗೆ ಮೊದಲು ಅವರು ಊರಿನಲ್ಲಿ ಒಂದು ಕಾನ್ವೆಂಟಿನ ಡ್ರಾಯಿಂಗ್ ಟೀಚರ್. ಸಿಡ್ನಿಗೆ ಬಂದ ಮೇಲೆ ವರ್ಷಗಟ್ಟಲೆ ತೈಲವರ್ಣದ ತರಗತಿಗಳಿಗೆ ಹೋಗಿ, ಗಂಡ ತೀರಿಕೊಂಡ ಮೇಲೆ ಮಗಳ ಜೊತೆ ಇರಲು ಮೆಲ್ಬರ್ನಿಗೆ ಬಂದಿದ್ದರು. ಬಂದದ್ದೇನೋ ಬಂದರು, ಮನಸ್ಸು ಮಾತ್ರ ಸಿಡ್ನಿಯ ಕ್ವೇಕರ್ಸ್ ಹಿಲ್‌ನ ಮಗನ ಮನೆಯಲ್ಲೇ ಬಿಟ್ಟು ಬಂದಿದ್ದರು. "ಸಿಡ್ನಿಯಲ್ಲಿ ಬಿಸಿಲು ಬೇರೆ", "ಸಿಡ್ನಿಯಲ್ಲಿ ಬಂಗುಡೆ ಬೇರೆ" ಎಂದು ದಿನಕ್ಕೊಮ್ಮೆಯಾದರೂ ಹೇಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ನಾನೂ ಚಿತ್ರಕಲೆಯನ್ನೇ ಓದಿದವಳು. ಜಲವರ್ಣ ನನ್ನ ಮಾಧ್ಯಮ. ವಾರದ ದಿನಗಳಲ್ಲಿ ಸಿಟಿಗೆ ಹೋಗಿ ಡಿಸೈನ್ ಕೆಲಸ, ಶನಿವಾರ ಸಬರ್ಬಿನ ಮಕ್ಕಳಿಗೆ ಪೇಂಟಿಂಗ್ ಕ್ಲಾಸು. ಇಡೀ ಬೀದಿಯಲ್ಲಿ ಚಿತ್ರ ಬರೆಯುವವಳು ನಾನೊಬ್ಬಳೇ ಎಂದು ಆರಾಮಾಗಿದ್ದೆ. ಅಷ್ಟರಲ್ಲಿ ಇವರು ಬಂದು ಪಕ್ಕದಲ್ಲೇ ಗ್ಯಾರೇಜು ತೆರೆದರು.

ಕಾರನ್ನು ರಸ್ತೆಗೆ ಹಾಕಿ ಗ್ಯಾರೇಜನ್ನೇ ಸ್ಟುಡಿಯೋ ಮಾಡಿಕೊಂಡಿದ್ದರು. ಗೋಡೆಗೆ ಕಪ್ಪು ಬೆಡ್‌ಶೀಟು. ರೋಲರ್ ಶಟರನ್ನು ಬಾಗಿ ನುಗ್ಗುವಷ್ಟು ಮಾತ್ರ ಎತ್ತಿ, ಒಂದು ಬದಿಗೆ ರಟ್ಟಿನ ಪೆಟ್ಟಿಗೆಗಳನ್ನು ಅಡ್ಡ ಇಟ್ಟರೆ, ಹೊರಗಿನ ಬೆಳಕು ಎಡಗಡೆಯಿಂದ ಮಾತ್ರ ಓರೆಯಾಗಿ ಒಳಗೆ ಬರುತ್ತಿತ್ತು. ಅವರಿಗೆ ಬೇಕಾದದ್ದು ಅಷ್ಟೇ. ಬರೋಕ್ ಕಾಲದ ಯುರೋಪಿನ ಚಿತ್ರಕಾರರ ಹುಚ್ಚು ಅವರಿಗೆ. ನಾನೂರು ವರ್ಷ ಹಿಂದಿನ ಆ ಚಿತ್ರಗಳಲ್ಲಿ ಸಂತರು ಮೋಡದ ಮೇಲೆ ತೇಲುವುದಿಲ್ಲ. ಕತ್ತಲ ಕೋಣೆಯಲ್ಲಿ ಕೂತಿರುತ್ತಾರೆ, ಹಿಮ್ಮಡಿ ಒಡೆದಿರುತ್ತದೆ, ಉಗುರಿನಲ್ಲಿ ಮಣ್ಣಿರುತ್ತದೆ. ಎಲ್ಲಿಂದಲೋ ಒಂದೇ ಬೆಳಕು ಬಂದು ಹಣೆಗೋ ಭುಜಕ್ಕೋ ಬಡಿಯುತ್ತದೆ, ಮಿಕ್ಕಿದ್ದೆಲ್ಲ ಕತ್ತಲು. ಆಗಿನ ಚಿತ್ರಕಾರರು ಬೀದಿಯ ಮುದುಕರನ್ನು, ಹಮಾಲರನ್ನು ಕರೆದು ಕೂರಿಸಿಕೊಂಡೇ ಸಂತರನ್ನು ಬರೆಯುತ್ತಿದ್ದರಂತೆ. ಸಿಡ್ನಿಯ ಚಿತ್ರಶಾಲೆಯಲ್ಲಿ ಅಂಥದೊಂದು ಚಿತ್ರದ ಮುಂದೆ ರಜೆ ಸಿಕ್ಕಾಗಲೆಲ್ಲ ನಿಂತು ನಿಂತು ತಮ್ಮ ಮಂಡಿ ಹೋದವು ಎಂದು ಆಂಟಿ ಹೆಮ್ಮೆಯಿಂದ ಹೇಳುತ್ತಿದ್ದರು.

ನನ್ನ ಕಲಿಕೆ ಇದಕ್ಕೆ ಪೂರ್ತಿ ಉಲ್ಟಾ. ಜಲವರ್ಣದವರು ಬಿಳಿ ಕಾಗದದಿಂದ ಶುರು ಮಾಡುತ್ತೇವೆ. ಬೆಳಕು ಬೇಕಾದ ಜಾಗವನ್ನು ಮುಟ್ಟದೆ ಉಳಿಸುತ್ತೇವೆ. ಆಂಟಿ ಕ್ಯಾನ್ವಾಸಿಗೆ ಮೊದಲೇ ಸೆಗಣಿ ಸಾರಿಸಿದ ಹಾಗೆ ಕಡು ಕಂದು ಬಣ್ಣ ಬಳಿದು, ಆ ಕತ್ತಲೊಳಗಿಂದ ಒಂದೊಂದೇ ಬೆಳಕನ್ನು ಎತ್ತಿ ತೆಗೆಯುತ್ತಿದ್ದರು. "ನಿಂದು ಜಿಪುಣರ ಕೆಲಸ. ಬೆಳಕನ್ನು ಉಳಿಸಿ ಉಳಿಸಿ ಇಡುದು" ಎಂದು ನನ್ನನ್ನು ರೇಗಿಸಿದರೆ, "ನಿಮ್ಮದು ಅಡಗಿ ಮನಿ ಗ್ವಾಡಿ ಇದ್ದಂಗ ಐತ್ರಿ ಆಂಟಿ, ಮಸಿ ಬಿಟ್ರ ಏನಿಲ್ಲ" ಎಂದು ನಾನು ತಿರುಗಿಸಿ ಕೊಡುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹೇಳಿ ಮನೆಗೆ ಬಂದು ನನ್ನ ತೆಳು ತೆಳು ಹೂಗಳನ್ನು ನೋಡಿದರೆ ಹರಿದು ಹಾಕಬೇಕು ಅನ್ನಿಸುತ್ತಿತ್ತು.

ಅಷ್ಟಿದ್ದೂ ಬರೀ ಚಿತ್ರದ ಹೊಟ್ಟೆಕಿಚ್ಚಾಗಿದ್ದರೆ ನಾನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ಆಮೇಲೆ ಅಪ್ಪ ಬಂದ.

ಅಪ್ಪ ರೈಲ್ವೆಯಲ್ಲಿ ಗಾರ್ಡ್ ಆಗಿದ್ದವನು. ನಾನು ಕಾಲೇಜಿನಲ್ಲಿದ್ದಾಗಲೇ ಅವ್ವ ತೀರಿಕೊಂಡಿದ್ದಳು. ಹುಬ್ಬಳ್ಳಿಯಲ್ಲಿ ಅಣ್ಣನ ಸಂಸಾರದ ಜೊತೆ ಇದ್ದ ಅಪ್ಪ ಆ ವರ್ಷ ವಿಸಿಟರ್ ವೀಸಾದ ಮೇಲೆ ನಮ್ಮಲ್ಲಿಗೆ ಬಂದಿದ್ದ. ಮಾತು ಕಡಿಮೆ. ಬೆಳಿಗ್ಗೆ ಎದ್ದು ಸ್ನಾನ, ಹಣೆಗೆ ಮೂರು ಬೆರಳು ವಿಭೂತಿ, ಇಷ್ಟಲಿಂಗದ ಪೂಜೆ, ಆಮೇಲೆ ಕಿಟಕಿಯ ಹತ್ತಿರ ಕುರ್ಚಿ. ಅವ್ವನ ವಿಷಯ ನಾನು ಎತ್ತಿದರೆ, "ಆತ್ ಬಿಡು ಯವ್ವಾ" ಎಂದು ಎದ್ದು ಹೋಗುತ್ತಿದ್ದ. ಅವನ ಒಂದು ಭಾವಚಿತ್ರ ಬರೆಯಬೇಕು ಎನ್ನುವುದು ನನ್ನ ಎಷ್ಟೋ ದಿನದ ಆಸೆ. ಡೈನಿಂಗ್ ಟೇಬಲ್ಲಿನ ಹತ್ತಿರ ಕೂರಿಸಿ, ಎಲ್ಲ ಲೈಟು ಹಾಕಿ, ಎರಡು ಭಾನುವಾರ ಕಷ್ಟಪಟ್ಟು ಬರೆದೆ. ಮೀಸೆಯ ಒಂದು ಕೂದಲೂ ತಪ್ಪಿರಲಿಲ್ಲ. ಅಪ್ಪ ಕನ್ನಡಕ ಸರಿ ಮಾಡಿಕೊಂಡು ನೋಡಿ, "ಛಲೋ ಆಗೇತಿ. ಪಾಸ್‌ಪೋರ್ಟಿಗೆ ನಡೀತೈತಿ" ಅಂದ. ತಮಾಷೆಗೆ ಅಂದನೋ, ನಿಜವಾಗಿ ಮೆಚ್ಚಿಕೊಂಡೇ ಅಂದನೋ ಇವತ್ತಿಗೂ ತಿಳಿಯದು.

ಆಮೇಲೆ ಒಂದು ದಿನ ಆಂಟಿ ಬೇಲಿಯ ಆಚೆಯಿಂದ ಅಪ್ಪನನ್ನು ಕಂಡರು. ಎಡಗಣ್ಣು ಮುಚ್ಚಿತು. ಬಹಳ ಹೊತ್ತು ಮುಚ್ಚಿಯೇ ಇತ್ತು. ಅವರ ಮಗನ ಕಡೆಯ ಚರ್ಚಿನವರು, ಕ್ವೇಕರ್ಸ್ ಹಿಲ್‌ನ ಹತ್ತಿರದವರು, ಯೇಸುವಿನ ಶಿಷ್ಯ ಸಂತ ಪೇತ್ರನ ಚಿತ್ರವೊಂದನ್ನು ಬರೆದುಕೊಡಲು ಅವರನ್ನು ಕೇಳಿದ್ದರು. ಆಂಟಿ ನನಗೆ ಕರಿಬೇವು ಕೇಳುವಷ್ಟೇ ಸಲೀಸಾಗಿ, "ನಿನ್ನ ತಂದೆಯನ್ನು ಸ್ವಲ್ಪ ದಿನ ಕೊಡ್ತೀಯಾ?" ಎಂದು ಕೇಳಿದರು. ಅಪ್ಪ ಹೋಗುವುದಿಲ್ಲ ಎಂಬ ಖಾತ್ರಿಯಲ್ಲಿ, "ಅವರನ್ನ ಕೇಳ್ರಿ" ಅಂದೆ. ಅಪ್ಪ ಆಗಲೇ ಚಪ್ಪಲಿ ಮೆಟ್ಟುತ್ತಿದ್ದ.

ಮೊದಲ ದಿನ ನಾನೂ ಹೋದೆ, ಏನಾಗುತ್ತದೋ ನೋಡೋಣವೆಂದು. ಹಾಲಿನ ಕ್ರೇಟೊಂದನ್ನು ಮಗುಚಿ ಅದರ ಮೇಲೆ ಅಪ್ಪನನ್ನು ಕೂರಿಸಿದರು. ಪಿಕ್‌ನಿಕ್ಕಿನ ಕಂದು ಕಂಬಳಿಯೊಂದನ್ನು ಹೆಗಲಿಗೆ ಹೊದಿಸಿದರು. ಅಪ್ಪ ಹಣೆ ಮುಟ್ಟಿಕೊಂಡು, "ಅಕ್ಕಾರ, ಇದನ್ನ ಮಾತ್ರ ನಾ ಅಳಸೂದಿಲ್ರಿ" ಅಂದ.

"ಅಳಿಸ್ಲಿಕ್ಕೆ ಯಾಕೆ? ನಮಗೂ ವಿಭೂತಿ ಬುಧವಾರ ಉಂಟು. ತಪಸ್ಸು ಕಾಲ ಶುರುವಾಗುವ ದಿನ ಪಾದ್ರಿ ಹಣೆಗೆ ಬೂದಿ ಹಚ್ತಾರೆ. ಪೇತ್ರ ತಪ್ಪು ಮಾಡಿ ಅತ್ತವ. ಅವನ ಹಣೆಯಲ್ಲಿ ಇರ್ಲಿ ಬೂದಿ."

"ನಿಮ್ಮ ಪಾದ್ರಿ ಒಪ್ತಾರೇನ್ರಿ?" ನಾನು ಚುಚ್ಚಿದೆ. ಸಂತ ಪೇತ್ರನ ಹಣೆಗೆ ಮೂರು ಪಟ್ಟಿ!

"ಪಾದ್ರಿಯದ್ದು ಎರಡೂ ಕಣ್ಣು ತೆರೆದೇ ಇರ್ತದೆ. ಅವರಿಗೆ ಕಾಣುದಿಲ್ಲ" ಅಂದು ಆಂಟಿ ಬ್ರಶ್ ಎತ್ತಿಕೊಂಡರು. ಅಪ್ಪ ನಕ್ಕ. ನಮ್ಮ ಮನೆಯಲ್ಲಿ ನಗದವನು ಅಲ್ಲಿ ಕ್ರೇಟಿನ ಮೇಲೆ ಕೂತು ಹೊಟ್ಟೆ ಕುಲುಕಿಸಿ ನಕ್ಕ.

ಆಮೇಲೆ ದಿನಾ ತಿಂಡಿ ಆದದ್ದೇ ತಡ, ಅಪ್ಪ ಪಕ್ಕದ ಮನೆಗೆ. ನಾನು ಮಾಡಿಕೊಟ್ಟ ಚಹಾ ತಣ್ಣಗಾಗುತ್ತಿತ್ತು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಗಂಡನ ಮುಂದೆ ಗೊಣಗಿದೆ. "ಏನೋ ಅವರಿಗೂ ಹೊತ್ತು ಹೋಗುತ್ತೆ ಬಿಡು" ಎಂದು ಅವರು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳಿದರು. ಸಂಜೆ ಅಪ್ಪ ವಾಪಸು ಬಂದರೆ ಕಿಟಕಿಯ ಹತ್ತಿರ ಮತ್ತೆ ಅದೇ ಮೌನ. ಇಷ್ಟು ಹೊತ್ತು ಅಲ್ಲಿ ಏನು ಮಾತಾಡಿದಿರಿ ಎಂದು ಕೇಳಿದರೆ, "ಹಂಗ, ಕುಂತಿದ್ದೆ" ಎನ್ನುವನು. ಒಂದು ಸಲ ಮಾತ್ರ ತಾನಾಗಿಯೇ ಹೇಳಿದ. "ಅಕ್ಕಾರು ಬರೆಯೋದು ಖರೇ ಐತಿ ನೋಡು. ಕತ್ತಲ್ಯಾಗ ಸ್ಟೇಶನ್‌ದಾಗ ಲಾಟೀನು ಹಿಡಿದ್ರ ಮಂದಿ ಮಾರಿ ಹಂಗ ಕಾಣ್ತೈತಿ. ಅರ್ಧ ಕಾಣ್ತೈತಿ, ಅರ್ಧ ಕಾಣಂಗಿಲ್ಲ." ಅಷ್ಟು ಉದ್ದದ ಮಾತು ನನ್ನ ಚಿತ್ರಕ್ಕೆ ಸಿಕ್ಕಿರಲಿಲ್ಲ.

ಒಂದು ದಿನ ರಜೆ ಹಾಕಿದ್ದೆ. ಇಬ್ಬರಿಗೂ ಚಹಾ ಮಾಡಿಕೊಂಡು ಆಂಟಿಯ ಮನೆಯ ಒಳಬಾಗಿಲಿನಿಂದ ಗ್ಯಾರೇಜಿನ ಕಡೆ ಹೋದೆ. ಬಾಗಿಲು ಸ್ವಲ್ಪ ತೆರೆದಿತ್ತು. ಆಂಟಿ ಪೇತ್ರನ ಕಥೆ ಹೇಳುತ್ತಿದ್ದರು. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ, ನೀನು ಅವನ ಕಡೆಯವನಲ್ಲವೇ ಎಂದು ಜನ ಕೇಳಿದರೆ ಪೇತ್ರ ಹೆದರಿ, ಅವನಾರೋ ನಾನರಿಯೆ ಎಂದು ಮೂರು ಸಲ ಹೇಳುತ್ತಾನೆ. ಕೋಳಿ ಕೂಗುತ್ತದೆ. ಹೀಗಾಗುತ್ತದೆಂದು ಯೇಸು ಮೊದಲೇ ಹೇಳಿದ್ದು ಆಗ ನೆನಪಾಗಿ ಹೊರಗೆ ಹೋಗಿ ಅಳುತ್ತಾನೆ. "ನಾನು ಬರೆಯುದು ಆ ಅಳುವ ಹೊತ್ತು" ಅಂದರು ಆಂಟಿ.

ಬ್ರಶ್ಶಿನ ಸಪ್ಪಳ ಶುರುವಾಯಿತು. ಆಮೇಲೆ ಅಪ್ಪನ ದನಿ ಕೇಳಿತು.

"ನಮ್ಮಾಕಿ ದವಾಖಾನ್ಯಾಗ ಇದ್ಲ್ರಿ. ಭಾಳ ಸೀರಿಯಸ್ ಐತಿ ಅಂತ ನನಗ ಗೊತ್ತಿತ್ತು. ಡ್ಯೂಟಿಗೆ ಹೋದೆ. ದಾರ್‍ಯಾಗ ಒಂದು ಸ್ಟೇಶನ್‌ದಾಗ ಮಾಸ್ತರ ಕೇಳಿದ್ರು, ಮನ್ಯಾಗ ಹೆಂಗದಾರ, ಬದಲಿ ಗಾರ್ಡ್ ಅದಾನ, ಇಳದು ಹೋಗ್ತಿಯೇನು ಅಂತ. ಎಲ್ಲಾ ಆರಾಮ ಐತ್ರಿ ಅಂದೆ. ಯಾಕ ಅಂದೆ ನನಗ ಗೊತ್ತಿಲ್ಲ. ಹೋಗಿ ನೋಡಾಕ ಅಂಜಿಕಿ. ಹಸರ ದೀಪ ತೋರಿಸಿದೆ. ಗಾಡಿ ಬಿಡ್ತು. ನಾ ತಿರಗಿ ಬರೂದ್ರಾಗ ಆಕಿ ಹೋಗಿದ್ಲು."

ಆಂಟಿ ಸಮಾಧಾನ ಹೇಳಲಿಲ್ಲ. "ಸಾಯ್ಬಾ" ಎಂದು ತಮ್ಮ ದೇವರನ್ನು ಒಮ್ಮೆ ಕರೆದರು. ಆಮೇಲೆ, "ಹಾಗೇ ಇರಿ. ತಲೆ ತಗ್ಗಿಸ್ಬೇಡಿ. ಬೆಳಕಿನ ಕಡೆ ನೋಡಿ" ಅಂದರು. ಬ್ರಶ್ಶಿನ ಸಪ್ಪಳ ಮತ್ತೆ ಶುರುವಾಯಿತು.

ನಾನು ಚಹಾದ ತಟ್ಟೆ ಹಿಡಿದುಕೊಂಡು ವಾಶಿಂಗ್ ಮಶೀನಿನ ಪಕ್ಕದಲ್ಲಿ ನಿಂತಿದ್ದೆ. ಅಪ್ಪನಿಗಾಗಿ ದುಃಖಪಡಬೇಕಾಗಿತ್ತು. ಪಟ್ಟೆ ಕೂಡ. ಆದರೆ ಅದಕ್ಕಿಂತ ಮೊದಲು ಎದೆಗೆ ಬಂದದ್ದು ಬೇರೆ. ಅದು ನನಗೆ ಹೇಳಬೇಕಾದ ಮಾತು. ಸತ್ತವಳು ನನ್ನ ಅವ್ವ. ಇಷ್ಟು ವರ್ಷ ನಾನು ಕೇಳಿ ಕೇಳಿ ಸೋತಿದ್ದನ್ನು ಈ ಹೆಂಗಸು ಕೇಳದೆಯೇ, ಒಂದು ಕಣ್ಣು ಮುಚ್ಚಿಕೊಂಡು, ಪುಕ್ಕಟೆ ಪಡೆದಳು. ಚಹಾವನ್ನು ಸಿಂಕಿಗೆ ಸುರಿದು ಮನೆಗೆ ಬಂದೆ.

ಅಪ್ಪ ಊರಿಗೆ ಹೊರಡುವ ಮುಂಚೆ ಆಂಟಿ ನಮ್ಮನ್ನೆಲ್ಲ ಕರೆದು ಚಿತ್ರ ತೋರಿಸಿದರು. ಕಡು ಕಂದಿನ ಕತ್ತಲು. ಎಡಗಡೆಯಿಂದ ಬಂದ ಬೆಳಕು ಬೊಕ್ಕ ತಲೆಯ ಮೇಲೆ, ಹಣೆಯ ಮೇಲೆ, ಮೇಲಕ್ಕೆ ಎತ್ತಿದ ಮುಖದ ಅರ್ಧ ಭಾಗದ ಮೇಲೆ. ವಿಭೂತಿ ಅಳಿದೂ ಅಳಿಯದ ಹಾಗೆ ಬೂದಿ ಬಣ್ಣದಲ್ಲಿ ಹಬ್ಬಿತ್ತು. ಕಣ್ಣಿನಲ್ಲಿ ನೀರು. ಹತ್ತಿರ ಹೋಗಿ ನೋಡಿದರೆ ನೀರಲ್ಲ, ಬಿಳಿ ಬಣ್ಣದ ಒಂದೇ ಒಂದು ಚುಕ್ಕೆ. ನನ್ನ ಮಗಳು ಬಹಳ ಹೊತ್ತು ನೋಡಿ, "ಅಮ್ಮಾ, ಹೀ ಈಸ್ ಆಕ್ಚುವಲಿ ಕ್ರೈಯಿಂಗ್" ಅಂದಳು. ನನ್ನ ಚಿತ್ರ ಮನೆಯ ಗೋಡೆಯ ಮೇಲೆ ಪಾಸ್‌ಪೋರ್ಟಿಗೆ ಕಾಯುತ್ತಿತ್ತು.

ಎದೆಯ ಕೆಳಗೆ ಚಿತ್ರ ಬರೀ ಕಂದಾಗಿತ್ತು. ತಪ್ಪು ಸಿಕ್ಕಿತೆಂಬ ಖುಷಿಯಲ್ಲಿ, "ಕೈ ಎಲ್ಲಿ ಆಂಟಿ?" ಎಂದೆ.

"ನಿನ್ನ ತಂದೆಯ ಕೈ ನಡುಗ್ತದೆ. ಅದು ವಯಸ್ಸಿನ ನಡುಕ. ಪೇತ್ರನ ಕೈ ಹಾಗಲ್ಲ. ಬಿಗಿ ಹಿಡೀಬೇಕು. ಸಿಗ್ತದೆ ಎಲ್ಲಿಯಾದ್ರೂ" ಅಂದರು.

ಅಪ್ಪ ಹೋದ ಮೇಲೆ ಒಂದು ಮಧ್ಯಾಹ್ನ ನಾನು ರೊಟ್ಟಿ ಬಡಿಯುತ್ತಿದ್ದೆ. ಒಳ್ಳೆಯ ಜೋಳದ ಹಿಟ್ಟಿಗಾಗಿ ಮೆಲ್ಬರ್ನಿನ ಆಚೆ ತುದಿಯ ಡ್ಯಾಂಡಿನಾಂಗ್‌ವರೆಗೂ ಹೋಗಿ ಬರುವವಳು ನಾನು. ರೊಟ್ಟಿಯ ವಿಷಯದಲ್ಲಾದರೂ ಮಂಗಳೂರಿನವರು ನನ್ನನ್ನು ಸೋಲಿಸಲಾರರು. ಆಂಟಿ ಹಿಂಬಾಗಿಲಿನಿಂದ ಬಂದು ನಿಂತರು. ಒಂದು ಕಣ್ಣು ಮುಚ್ಚಿತು. ನೋಡುತ್ತಿದ್ದದ್ದು ನನ್ನ ಮುಖವನ್ನಲ್ಲ.

"ಕೈ ಜೋಡಿಸು. ಬೆರಳೊಳಗೆ ಬೆರಳು ಹಾಕಿ ಹಿಡಿ."

"ಹಿಟ್ಟಾಗೇತ್ರಿ, ತೊಳಕೊಂಡು ಬರ್ತೀನಿ."

"ತೊಳಿಬೇಡ."

ಒಲೆ ಆರಿಸಿ, ಹೇಳಿದ ಹಾಗೆ ಹಿಡಿದೆ. ಆಂಟಿ ಸ್ಟೂಲಿನ ಮೇಲೆ ಕೂತು, ಸ್ಕೆಚ್ ಪುಸ್ತಕ ತೆರೆದು ಇದ್ದಿಲಿನಿಂದ ಗೀಚತೊಡಗಿದರು. ಅಪ್ಪನನ್ನು ತೆಗೆದುಕೊಂಡದ್ದು ಸಾಲದೆ ಈಗ ನನ್ನನ್ನೂ ಆಳಿನ ಹಾಗೆ ಕೂರಿಸಿದ್ದಾರೆ ಎಂದು ನನಗೆ ಒಳಗೇ ಕುದಿಯುತ್ತಿತ್ತು. ಆಂಟಿ ತಲೆ ಎತ್ತದೆ ಹೇಳಿದರು. "ನಿನಗೆ ನನ್ನ ಮೇಲೆ ಸಿಟ್ಟುಂಟು. ಗೊತ್ತುಂಟು ನನಗೆ. ಅವತ್ತು ಚಹಾದ ವಾಸನೆ ಬಂತು, ಚಹಾ ಬರ್ಲಿಲ್ಲ." ನನ್ನ ಬೆರಳುಗಳು ತಾವಾಗಿಯೇ ಬಿಗಿದುಕೊಂಡವು, ಗೆಣ್ಣು ಬಿಳಿಚುವಷ್ಟು. "ಹಾ, ಅದೇ! ಬಿಡ್ಬೇಡ!" ಎಂದು ಕೂಗಿದರು.

ಆ ಸ್ಕೆಚ್ಚನ್ನು ನನಗೆ ತೋರಿಸಲಿಲ್ಲ. ಕೆಲವೇ ವಾರಗಳಲ್ಲಿ ಆಂಟಿಯ ಮಂಡಿ ಪೂರ್ತಿ ಕೈಕೊಟ್ಟವು. ತನ್ನದು ಮೆಟ್ಟಿಲಿಲ್ಲದ ಮನೆ ಎಂದು ಮಗ ಅವರನ್ನು ಕ್ವೇಕರ್ಸ್ ಹಿಲ್‌ಗೆ ಕರೆದುಕೊಂಡು ಹೋದ. ಚಿತ್ರವೂ ಅವರ ಜೊತೆ ಹೋಯಿತು.

ಮರುವರ್ಷ ಅಪ್ಪ ತೀರಿಕೊಂಡ. ನಮ್ಮಲ್ಲಿ ಮಣ್ಣು ಮಾಡಲು ತಡ ಮಾಡುವುದಿಲ್ಲ. ನಾನು ಇನ್ನೂ ವಿಮಾನದಲ್ಲಿದ್ದಾಗಲೇ ಎಲ್ಲ ಮುಗಿದಿತ್ತು. ಅವನ ಮುಖವನ್ನು ಕೊನೆಯ ಸಲ ನೋಡಲಿಲ್ಲ. ವಾಪಸು ಬಂದ ಮೇಲೆ ಗೋಡೆಯ ಮೇಲಿನ ನನ್ನ ಚಿತ್ರವನ್ನು ನೋಡಿದರೆ ಅಪ್ಪನ ಮೀಸೆ ಇತ್ತು, ಕನ್ನಡಕ ಇತ್ತು, ಅಪ್ಪ ಇರಲಿಲ್ಲ. ಅಪ್ಪ ಇದ್ದದ್ದು ಸಿಡ್ನಿಯಲ್ಲಿ, ಅವರ ಹತ್ತಿರ. ನಾಚಿಕೆ ಬಿಟ್ಟು ಫೋನ್ ಮಾಡಿದೆ. ಆ ಚಿತ್ರ ನನಗೆ ಕೊಡಿ, ಚರ್ಚಿಗೆ ಬೇರೆ ಬರೆದುಕೊಡಿ ಎಂದು ಬೇಡಿದೆ.

"ಕೊಡ್ಲಿಕ್ಕೆ ಆಗುದಿಲ್ಲ ಮಾರಾಯ್ತಿ. ಮನೆಯಲ್ಲಿಟ್ಟರೆ ಅದು ನಿನ್ನ ತಂದೆ ಮಾತ್ರ. ಅವರು ಕೂತದ್ದು ಪೇತ್ರನಾಗ್ಲಿಕ್ಕೆ. ನೀನು ಇಲ್ಲಿಗೆ ಬಾ. ಬಂದು ನೋಡು" ಅಂದರು ಆಂಟಿ.

"ನನ್ನ ಅಪ್ಪನ್ನ ನೋಡಾಕ ನಾ ನಿಮ್ಮ ಚರ್ಚಿಗೆ ಬರಬೇಕೇನ್ರಿ?" ಎಂದು ಫೋನ್ ಇಟ್ಟುಬಿಟ್ಟೆ.

ಹೋಗಲಿಲ್ಲ. ಕ್ರಿಸ್ಮಸ್ಸಿಗೆ ಅವರು ಕುಸ್ವಾರ್ ಎಂಬ ಹಬ್ಬದ ತಿಂಡಿಗಳನ್ನು ಕಳಿಸಿದರು: ಕಿಡಿಯೋ, ನೆವ್ರಿ, ರೋಸ್ ಕುಕ್ಕಿ, ಎಲ್ಲ ಅವರ ಕೈಯದೇ. ತಿನ್ನಬಾರದು ಎಂದುಕೊಂಡು ತಿಂದೆ. ಅದೂ ಚೆನ್ನಾಗಿತ್ತು, ಹಾಳಾದ್ದು. ಥ್ಯಾಂಕ್ಸ್ ಎಂದು ಒಂದು ಮೆಸೇಜ್ ಹಾಕಿದೆ. ಚರ್ಚಿನಲ್ಲಿ ಚಿತ್ರ ಹಾಕಿದ್ದೇವೆ, ಬಾ, ಎಂದು ಉತ್ತರ ಬಂತು. ಆಗಲೂ ಹೋಗಲಿಲ್ಲ.

ಈ ವರ್ಷ ಅವರ ಮಗನೇ ಫೋನ್ ಮಾಡಿದ. ಆಂಟಿ ನಿದ್ದೆಯಲ್ಲೇ ಹೋಗಿದ್ದರು.

ಸಿಡ್ನಿಗೆ ಹೋದೆ. ಆ ಚರ್ಚಿನಲ್ಲೇ ಅಂತ್ಯಕ್ರಿಯೆಯ ಪೂಜೆ ಕೊಂಕಣಿಯಲ್ಲಿ, ಇಂಗ್ಲಿಷಿನಲ್ಲಿ ನಡೆಯಿತು. ಪೆಟ್ಟಿಗೆಯಲ್ಲಿ ಮಲಗಿದ್ದ ಆಂಟಿಯ ಎರಡೂ ಕಣ್ಣು ಮುಚ್ಚಿದ್ದವು. ಅದನ್ನು ಕಂಡಾಗಲೇ ನನಗೆ ಅಳು ಬಂದದ್ದು. ಒಂದು ಕಣ್ಣು ಮುಚ್ಚಿದರೆ ಬೆಳಕು ಕಾಣುತ್ತದೆ ಎಂದವರಿಗೆ ಎರಡೂ ಮುಚ್ಚಿದರೆ ಏನು ಕಾಣುತ್ತದೋ ಎಂದು ಕೇಳಲು ಅವರೇ ಇರಲಿಲ್ಲ. ಜನ ಸ್ಮಶಾನಕ್ಕೆ ಹೊರಡಲು ಕಾರುಗಳ ಕಡೆ ನಡೆದರು. ನಾನು ಪಕ್ಕದ ಗೋಡೆಯ ಕಡೆ ಹೋದೆ.

ಅಪ್ಪ ಅಲ್ಲಿದ್ದ. ಹಣೆಯ ಮೇಲೆ ಬೂದಿ, ಕಣ್ಣಿನಲ್ಲಿ ಅದೇ ಬಿಳಿ ಚುಕ್ಕೆ. ಮುಂದೆ ಮೇಣದ ಬತ್ತಿಗಳು ಉರಿಯುತ್ತಿದ್ದವು. ಕಪ್ಪು ಸೀರೆಯ ವಯಸ್ಸಾದ ಹೆಂಗಸೊಬ್ಬರು ನನಗಿಂತ ಮೊದಲೇ ಬಂದು ನಿಂತಿದ್ದರು. ಯಾರೋ ಗುರುತಿಲ್ಲದವರು ದಿನಾ ಬಂದು ನನ್ನ ಅಪ್ಪನ ಮುಂದೆ ಬತ್ತಿ ಹಚ್ಚುತ್ತಾರೆ, ಅವನೊಡನೆ ಮಾತಾಡುತ್ತಾರೆ, ನಾನು ಮಾತ್ರ ವಿಮಾನ ಹತ್ತಿ ಬರಬೇಕು ಎಂದು ಅವರ ಮೇಲೂ ಹೊಟ್ಟೆ ಉರಿಯಿತು. ಅವರು ಕೈ ಚಾಚಿ ಚಿತ್ರವನ್ನು ಮುಟ್ಟಿ ಬೆರಳನ್ನು ತುಟಿಗೆ ಒತ್ತಿಕೊಂಡರು. ಮುಟ್ಟಿದ್ದು ಮುಖವನ್ನಲ್ಲ, ಅದು ಎತ್ತರದಲ್ಲಿತ್ತು. ಅವರು ಮುಟ್ಟಿದ್ದು ಕೈಗಳನ್ನು. ಎಲ್ಲರೂ ಅಲ್ಲೇ ಮುಟ್ಟುತ್ತಾರೇನೋ, ಆ ಜಾಗದಲ್ಲಿ ಬಣ್ಣ ನುಣುಪಾಗಿತ್ತು.

ನಾನು ಎಡಗಣ್ಣು ಮುಚ್ಚಿದೆ. ಕಂಬಳಿ ಹೋಯಿತು, ಗೋಡೆ ಹೋಯಿತು, ಚೌಕಟ್ಟು ಹೋಯಿತು. ಕತ್ತಲಲ್ಲಿ ಎರಡೇ ಬೆಳಕು ಉಳಿದವು. ಮೇಲೆ ಮುಖ, ಕೆಳಗೆ ಕೈ. ಬೆರಳೊಳಗೆ ಬೆರಳು ಸೇರಿಸಿ ಬಿಗಿದ ಕೈ, ಗೆಣ್ಣು ಬಿಳಿಚಿದ ಕೈ. ಗೆಣ್ಣಿನ ಸಂದಿಯಲ್ಲಿ ಹಿಟ್ಟು. ನೋಡುವವರಿಗೆ ಅದು ಬೂದಿ. ಎಡ ಮಣಿಕಟ್ಟಿನ ಒಳಗೆ ಓರೆಯಾಗಿ ಒಂದು ಸುಟ್ಟ ಕಲೆ, ರೊಟ್ಟಿಯ ಹಂಚು ತಾಗಿ ಆದದ್ದು. ನಾನು ತೋಳು ಸರಿಸಿ ನನ್ನ ಮಣಿಕಟ್ಟನ್ನು ನೋಡಿಕೊಂಡೆ.

ನನ್ನ ಅಪ್ಪನನ್ನು ಅವರು ನನ್ನಿಂದ ಕಿತ್ತುಕೊಂಡರು ಎಂದು ವರ್ಷಗಳಿಂದ ಹೇಳಿಕೊಂಡು ಬಂದಿದ್ದೆ. ಅವರು ಅಪ್ಪನ ಕಂಬಳಿಯೊಳಗಿಂದ ನನ್ನ ಕೈಗಳನ್ನು ಹೊರಗೆ ತೆಗೆದು ಇಬ್ಬರನ್ನೂ ಒಂದೇ ಬೆಳಕಿನಲ್ಲಿ ಕೂರಿಸಿಟ್ಟಿದ್ದರು. ಆ ಮಧ್ಯಾಹ್ನ ನಾನು ಬಿಗಿ ಹಿಡಿದದ್ದು ಬರೀ ಹೊಟ್ಟೆಕಿಚ್ಚು. ಇಲ್ಲಿ ಜನ ಅದನ್ನು ಮುಟ್ಟಿ ತುಟಿಗೊತ್ತಿಕೊಳ್ಳುತ್ತಿದ್ದರು.

ಕಪ್ಪು ಸೀರೆಯವರು ನನ್ನ ಕಡೆ ತಿರುಗಿದರು. "ಇದು ನಮ್ಮ ಟೀಚರೇ ಬರೆದದ್ದು, ಗೊತ್ತುಂಟಾ? ಯಾರನ್ನು ನೋಡಿ ಬರೆದದ್ದೋ ಅವರು ಹೇಳ್ಲೇ ಇಲ್ಲ."

"ಮುಖ ನಮ್ಮಪ್ಪಂದ್ರಿ" ಅಂದೆ. ಆಮೇಲೆ, "ಕೈ ನಂದು" ಅಂದೆ.

ಅವರು ನಂಬಲಿಲ್ಲ. ನಾನು ಮಣಿಕಟ್ಟು ಚಾಚಿದೆ. ಅವರು ಅದನ್ನು ಹಿಡಿದುಕೊಂಡು ಒಮ್ಮೆ ಕಲೆಯನ್ನು, ಒಮ್ಮೆ ಚಿತ್ರವನ್ನು ನೋಡಿದರು. ಹಿಡಿದ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

"ಚಿತ್ರ ಮಾತ್ರ ಅವರದು" ಎಂದು ನಾನು ಸೇರಿಸಿದೆ. ಹೇಳುವಾಗ ಹೊಟ್ಟೆ ಉರಿಯಿತು, ಈಗಲೂ ಉರಿಯುತ್ತದೆ.